ಬಾದಾಮಿ ಮಾವಿಗೆ ಕ್ಯಾಲ್ಸಿಯಂ ಹೊಡೆದರೂ ಹಣ್ಣು ಒಳಗೆ ಬೆಂಡು, ಏನು ಮಾಡಲಿ?

ಶ್ರೀನಿವಾಸಪುರ_ತೋಪು:
ಎಲ್ಲರಿಗೂ ನಮಸ್ಕಾರ. ನಮ್ಮದು ಕೆಂಪು ಮಣ್ಣಿನ ತೋಟ. ಬಾದಾಮಿ ಜಾಸ್ತಿ, ಸ್ವಲ್ಪ ತೋತಾಪುರಿ. ಕಳೆದ ವರ್ಷ ಕೊಯ್ಲಿಗೆ ಮುಂಚೆ ಎರಡು ಸಲ ಕ್ಯಾಲ್ಸಿಯಂ ನೈಟ್ರೇಟ್ ಹೊಡೆಸಿದೆವು. ಕೂಲಿ ಉಳಿಯಲಿ ಅಂತ ಅದೇ ಡ್ರಮ್ಮಿಗೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಲ್ಲಿ ಕರಗುವ ಗೊಬ್ಬರ) ಕೂಡ ಹಾಕಿದ್ದೆವು. ಹಣ್ಣು ಅಡೆ ಹಾಕಿ ತೆಗೆದರೆ ಹೊರಗೆ ಒಳ್ಳೆ ಬಣ್ಣ. ಕೊಯ್ದರೆ ವಾಟೆ ಸುತ್ತ ಬಿಳಿಚಿಕೊಂಡು ಬೆಂಡಾಗಿದೆ, ಹುಳಿ ಬೇರೆ. ಇನ್ನು ಕೆಲವು ತೊಟ್ಟಿನ ಕಡೆಯಿಂದ ಕಪ್ಪಾಗಿ ಕೊಳೆತವು. ತೋತಾಪುರಿಗೆ ಏನೂ ಆಗಲಿಲ್ಲ. ಈಗ ಕಾಯಿ ಬಟಾಣಿ ಗಾತ್ರ ಇದೆ. ಈ ಸಲ ಡೋಸ್ ಜಾಸ್ತಿ ಮಾಡಲಾ?

ಮುಳಬಾಗಿಲು_ಮಾವು:
ನಮ್ಮ ಬೋರ್ ನೀರು ಕಾಯಿಸಿದರೆ ಪಾತ್ರೆ ತುಂಬಾ ಬಿಳಿ ಕಟ್ಟುತ್ತದೆ. ಅದರಲ್ಲಿಲ್ಲದ ಕ್ಯಾಲ್ಸಿಯಂ ಅಂಗಡಿಯಲ್ಲಿ ಸಿಗುತ್ತಾ ಅಣ್ಣಾ? ಸ್ಪ್ರೇ ಎಲ್ಲ ಸುಮ್ನೆ ದುಡ್ಡು ದಂಡ.

ಚಿಂತಾಮಣಿ_ಪಂಪು:
ಮುಳಬಾಗಿಲಿನವರು ಹೇಳಿದ್ದರಲ್ಲಿ ಅರ್ಧ ಸರಿ. ಮಣ್ಣಿನಲ್ಲಿ ಇದ್ದರೂ ಕಾಯಿಗೆ ಸೇರುವುದೇ ಕಷ್ಟ. ಕ್ಯಾಲ್ಸಿಯಂ ಬೇರಿನಿಂದ ನೀರಿನ ಜೊತೆ ಹತ್ತುತ್ತದೆ. ನೀರು ಜಾಸ್ತಿ ಆವಿಯಾಗುವುದು ಎಲೆಯಲ್ಲಿ, ಹಾಗಾಗಿ ಬಹುಪಾಲು ಅಲ್ಲಿಗೇ ಹೋಗುತ್ತದೆ. ಎಲೆ ಸೇರಿದ್ದು ಮತ್ತೆ ಕಾಯಿಗೆ ಇಳಿದು ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಸಾರಜನಕ, ಪೊಟ್ಯಾಷ್ ಹಾಗಲ್ಲ, ಎಲೆಗೆ ಹೊಡೆದರೂ ಕಾಯಿಗೆ ಹೋಗುತ್ತವೆ. ಅದಕ್ಕೇ ಕ್ಯಾಲ್ಸಿಯಂ ಸ್ಪ್ರೇಯಲ್ಲಿ ಕಾಯಿಯ ಮೈ ನೆನೆಯಬೇಕು. ಎತ್ತರದ ಮರಕ್ಕೆ ಕೆಳಗೆ ನಿಂತು ಎಲೆ ತೋಯಿಸಿ ಬಂದರೆ ಲೆಕ್ಕಕ್ಕಿಲ್ಲ.

ಇನ್ನು 19:19:19. ಅದರಲ್ಲಿರುವ ರಂಜಕ ಕ್ಯಾಲ್ಸಿಯಂ ಜೊತೆ ಸೇರಿದರೆ ಕರಗದ ಬಿಳಿ ಪುಡಿ ಆಗುತ್ತದೆ. ಡ್ರಮ್ಮಿನ ತಳದಲ್ಲಿ ಗಸಿ ಕೂತಿತ್ತಾ? ನಾಜಲ್ ಕಟ್ಟಿಕೊಂಡಿತ್ತಾ? ಹಾಗಿದ್ದರೆ ಅಷ್ಟು ಕ್ಯಾಲ್ಸಿಯಂ ಮರ ಮುಟ್ಟಲೇ ಇಲ್ಲ. ಮೆಗ್ನೀಸಿಯಂ ಸಲ್ಫೇಟ್, ಜಿಂಕ್ ಸಲ್ಫೇಟ್ ಹಾಕಿದರೂ ಇದೇ ಕಥೆ, ಜಿಪ್ಸಂ ಆಗುತ್ತದೆ. ಕೊಯ್ಲಿನ ಹತ್ತಿರ ನೈಟ್ರೇಟ್ ಕೂಡ ನನಗೆ ಇಷ್ಟವಿಲ್ಲ. ಆ ಹೊತ್ತಿನಲ್ಲಿ ಸಾರಜನಕ ಜಾಸ್ತಿಯಾದರೆ ಹಣ್ಣು ಬೇಗ ಮೆತ್ತಗಾಗುತ್ತದೆ.

ಕ್ಯಾಲ್ಸಿಯಂ ಕ್ಲೋರೈಡ್ ತಗೊಳ್ಳಿ. ಲೀಟರಿಗೆ 5 ಗ್ರಾಂ, ಅಂದರೆ 200 ಲೀಟರ್ ಡ್ರಮ್ಮಿಗೆ 1 ಕಿಲೋ. 10 ಗ್ರಾಂ ತನಕ ಹೋಗಬಹುದು, ಆದರೆ ಮೊದಲು ಒಂದೆರಡು ಕೊಂಬೆಗೆ ಹೊಡೆದು ಎಲೆ ಅಂಚು ಸುಡುತ್ತಾ ನೋಡಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಬೇಡವೇ ಬೇಡ. ಸಂಜೆ ಹೊಡೆದರೆ ನಿಧಾನಕ್ಕೆ ಒಣಗುತ್ತದೆ, ಕಾಯಿ ಹೀರಲು ಹೊತ್ತು ಸಿಗುತ್ತದೆ. ಕಾಯಿ ನಿಂಬೆ ಗಾತ್ರ ಆದಾಗಿಂದ ಎರಡು ಮೂರು ವಾರಕ್ಕೊಮ್ಮೆ. ಕೊನೆಯದು ಕೊಯ್ಲಿಗೆ 15 ದಿನ ಮುಂಚೆ.

ಆದರೆ ನಿಮ್ಮ ಬೆಂಡಿಗೆ ಇದೊಂದೇ ಮದ್ದಲ್ಲ. ಕ್ಯಾಲ್ಸಿಯಂನ ಕೆಲಸ ಜೀವಕೋಶಗಳ ನಡುವಿನ ಅಂಟನ್ನು ಗಟ್ಟಿ ಮಾಡುವುದು. ಹಣ್ಣು ತಡವಾಗಿ ಮೆತ್ತಗಾಗುತ್ತದೆ, ಅಷ್ಟೇ. ಬೆಂಡು ಬಾದಾಮಿಯ ಹಳೇ ಕಾಯಿಲೆ, ಆಪೂಸಿಗೂ ಅದೇ ಗೋಳು. ತೋತಾಪುರಿ ಬಚಾವಾಗಿದ್ದು ತಳಿಯ ಗುಣದಿಂದ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳುವ ಪ್ರಕಾರ, ಕಾಯಿ ಮರದಲ್ಲೇ ತುಂಬಾ ಬಲಿತರೆ ಒಳಗಿನ ಬೀಜ ಮೊಳಕೆಗೆ ಹೊರಡುತ್ತದೆ, ಸುತ್ತಲಿನ ತಿರುಳು ಕೆಡುತ್ತದೆ. ಇದಕ್ಕೇ ಅವರು ‘ಅರ್ಕಾ ಸಾಕ ನಿವಾರಕ್’ ಅನ್ನೋ ಸ್ಪ್ರೇ ತಯಾರಿಸಿದ್ದಾರೆ. ಕಾಯಿ ಪೂರ್ತಿ ಬಲಿಯುವ ಸ್ವಲ್ಪ ಮುಂಚೆ, ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಬಲಿತಾಗಲೇ ಕೀಳಿಸಿ. ಬರಿ ನೆಲದ ಕಾವೂ ಕೆಟ್ಟದ್ದು, ಬುಡಕ್ಕೆ ಒಣ ಎಲೆ, ಹುಲ್ಲು ಹೊದಿಸಿ.

ತೊಟ್ಟಿನ ಕಡೆ ಕಪ್ಪಾಗಿದ್ದು ಶಿಲೀಂಧ್ರ. ತೊಟ್ಟು ಸ್ವಲ್ಪ ಬಿಟ್ಟು ಕೀಳುವುದು, ಸೊನೆ ಮೈಗೆ ತಾಗದಂತೆ ಬಸಿಯುವುದು, ನೆಲಕ್ಕೆ ಬೀಳಿಸದೇ ಇರುವುದು ಮುಖ್ಯ. ಕೆಲವರು 52 ಡಿಗ್ರಿ ಬಿಸಿನೀರಲ್ಲಿ ಅದ್ದುತ್ತಾರೆ, ಥರ್ಮಾಮೀಟರ್ ಇಲ್ಲದೆ ಆ ಸಾಹಸ ಬೇಡ.

ಶ್ರೀನಿವಾಸಪುರ_ತೋಪು:
ಹೌದು ಅಣ್ಣಾ, ತಳದಲ್ಲಿ ಗಸಿ ಇತ್ತು. ಸರಿಯಾಗಿ ಕಲಸಿಲ್ಲ ಅಂತ ಹುಡುಗರನ್ನ ಬೈದಿದ್ದೆ! ಇನ್ನೊಂದು ಮಾತು: ರೇಟು ಬರುವ ತನಕ ಮಾವನ್ನು ಆಲೂಗಡ್ಡೆ ಇಡುವ ಕೋಲ್ಡ್ ಸ್ಟೋರೇಜಲ್ಲಿ ಇಡಬಹುದಾ?

ಚಿಂತಾಮಣಿ_ಪಂಪು:
ಬೇಡ. ಆಲೂಗಡ್ಡೆಯ 3-4 ಡಿಗ್ರಿಗೆ ಮಾವಿನ ಸಿಪ್ಪೆ ಕಂದುತ್ತದೆ, ಆಮೇಲೆ ಸರಿಯಾಗಿ ಹಣ್ಣೂ ಆಗುವುದಿಲ್ಲ. ಮಾವಿಗೆ 12-13 ಡಿಗ್ರಿ ಬೇಕು.

ಮುಳಬಾಗಿಲು_ಮಾವು:
ಹಾಗಾದರೆ ನಾನೂ ಈ ಸಲ ಒಂದು ಸಾಲು ಮರಕ್ಕೆ ಮಾತ್ರ ಹೊಡೆದು, ಪಕ್ಕದ ಸಾಲು ಹಾಗೇ ಬಿಟ್ಟು ನೋಡುತ್ತೇನೆ. ಜಿಗಿ ಹುಳದ ಔಷಧಿ ಜೊತೆ ಬೆರೆಸಬಹುದಾ?

ಚಿಂತಾಮಣಿ_ಪಂಪು:
ಬೇರೆಯಾಗೇ ಹೊಡೆಯಿರಿ. ಕ್ಲೋರೈಡನ್ನು ಮೊದಲು ಬಕೆಟ್ಟಿನಲ್ಲಿ ಕರಗಿಸಿ, ನೀರು ಬಿಸಿಯಾಗುತ್ತದೆ, ಗಾಬರಿ ಬೇಡ. ಉಳಿದ ಚೀಲದ ಬಾಯಿ ಬಿಗಿಯಾಗಿ ಕಟ್ಟಿಡಿ, ಗಾಳಿಯಾಡಿದರೆ ನೀರಾಗುತ್ತದೆ. ಕೆಲಸ ಮುಗಿದ ಮೇಲೆ ಪಂಪು, ಗನ್ ಎಲ್ಲಾ ಒಳ್ಳೆ ನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ.