ಹುಡುಗರನ್ನು ಕೊಟ್ಟರೆ ಕಪ್ ಸಿಗುತ್ತಾ? ಲೀಫ್ಸ್ ಬಗ್ಗೆ ಒಂದು ಪ್ರಶ್ನೆ

ಬ್ರ್ಯಾಂಪ್ಟನ್_ಕನ್ನಡಿಗ (ಜೂನ್ 2025)

ಗೆಳೆಯರೇ, ನಮ್ಮ ಐಸ್ ಹಾಕಿ ತಂಡ ಟೊರೊಂಟೊ ಮೇಪಲ್ ಲೀಫ್ಸ್ ಲೀಗ್‌ನ ಚಾಂಪಿಯನ್ ಟ್ರೋಫಿ ಸ್ಟ್ಯಾನ್ಲಿ ಕಪ್ ಗೆದ್ದಿದ್ದು 1967ರಲ್ಲಿ, ಆಮೇಲೆ ಇಲ್ಲ. ಈ ಮಾರ್ಚ್‌ನಲ್ಲಿ 20 ವರ್ಷದ ಫ್ರೇಸರ್ ಮಿಂಟನ್ ಜೊತೆ ಮೊದಲ ಸುತ್ತಿನ ಪಿಕ್ (ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ನಮ್ಮ ಸರದಿ) ಕೊಟ್ಟು ಬಾಸ್ಟನ್‌ನಿಂದ ಬ್ರ್ಯಾಂಡನ್ ಕಾರ್ಲೊನನ್ನು ತಂದರು. ನಿಕಿತಾ ಗ್ರೆಬೆಂಕಿನ್ ಜೊತೆ ಇನ್ನೊಂದು ಮೊದಲ ಸುತ್ತಿನ ಪಿಕ್ ಕೊಟ್ಟು ಫಿಲಡೆಲ್ಫಿಯಾದಿಂದ ಸ್ಕಾಟ್ ಲಾಟನ್‌ನನ್ನು ತಂದರು. ಕೊನೆಗೆ ಏನಾಯ್ತು? ಪ್ಲೇಆಫ್ ಸರಣಿಯಲ್ಲಿ ಫ್ಲೋರಿಡಾ ಎದುರು ಐದನೇ ಮ್ಯಾಚ್ 6-1, ಏಳನೇದೂ 6-1 ಸೋತೆವು, ಎರಡೂ ನಮ್ಮ ಊರಲ್ಲೇ. ಜನ ಜರ್ಸಿ ಬಿಚ್ಚಿ ಐಸ್ ಮೇಲೆ ಎಸೆದರು. ಬೆಳೆಯುವ ಹುಡುಗರನ್ನು ಹೀಗೆ ಕೊಡುತ್ತಾ ಹೋಗೋದು ಸರಿನಾ?

ಪಕ್‌ಪ್ರೇಮಿ

ಸರಿಯಲ್ಲ. ವಾಷಿಂಗ್ಟನ್ 2013ರಲ್ಲಿ ಫಿಲಿಪ್ ಫೋರ್ಸ್‌ಬರ್ಗ್‌ನನ್ನು ನ್ಯಾಶ್‌ವಿಲ್‌ಗೆ ಕೊಟ್ಟು ಮಾರ್ಟಿನ್ ಎರಾಟ್‌ನನ್ನು ತಂದಿತು. ಎರಾಟ್ ವರ್ಷ ತುಂಬುವ ಮೊದಲೇ ಫೀನಿಕ್ಸ್‌ಗೆ ಹೋದ. ನ್ಯಾಶ್‌ವಿಲ್ ಇತಿಹಾಸದಲ್ಲಿ ಫೋರ್ಸ್‌ಬರ್ಗ್‌ಗಿಂತ ಜಾಸ್ತಿ ಗೋಲ್ ಹೊಡೆದವರೇ ಇಲ್ಲ.

ಕೊಡಗಿನ_ಸ್ಟಿಕ್

ಅಣ್ಣಾ, ಯಾರನ್ನು ಕೊಟ್ಟರು ಅನ್ನೋದಕ್ಕಿಂತ, ಬಂದವನು ಎಷ್ಟು ದಿನ ಇರ್ತಾನೆ ಅಂತ ಮೊದಲು ನೋಡಿ.

ಲೀಫ್ಸ್ 2021ರಲ್ಲಿ ನಿಕ್ ಫೊಲಿನೊ, 2023ರಲ್ಲಿ ರಯಾನ್ ಓ'ರೈಲಿ, ಇಬ್ಬರಿಗೂ ಮೊದಲ ಸುತ್ತಿನ ಪಿಕ್ ಕೊಟ್ಟರು. ಇಬ್ಬರ ಒಪ್ಪಂದವೂ ಆ ಬೇಸಿಗೆಗೇ ಮುಗಿಯೋದಿತ್ತು. ಇಬ್ಬರೂ ಹೊರಟುಹೋದರು.

ಟ್ಯಾಂಪಾ ಬೇ ನೋಡಿ. 2020ರ ಫೆಬ್ರವರಿಯಲ್ಲಿ ನೋಲನ್ ಫೂಟ್ ಅನ್ನೋ ಹುಡುಗನ ಜೊತೆ ಮೊದಲ ಸುತ್ತಿನ ಪಿಕ್ ಕೊಟ್ಟು ಬ್ಲೇಕ್ ಕೋಲ್ಮನ್‌ನನ್ನು ತಂದರು. ಕೆಲವೇ ದಿನಕ್ಕೆ ಇನ್ನೊಂದು ಮೊದಲ ಸುತ್ತಿನ ಪಿಕ್ ಕೊಟ್ಟು ಬಾರ್ಕ್ಲೆ ಗುಡ್ರೋನನ್ನು. ಇಬ್ಬರೂ ಸ್ಟಾರ್‌ಗಳಲ್ಲ. ಆದರೆ ಇಬ್ಬರಿಗೂ ಇನ್ನೊಂದು ಸೀಸನ್ ಒಪ್ಪಂದ ಬಾಕಿ ಇತ್ತು, ಸಂಬಳವೂ ಕಡಿಮೆ. ಸ್ಯಾಲರಿ ಕ್ಯಾಪ್ (ತಂಡದ ಒಟ್ಟು ಸಂಬಳಕ್ಕೆ ಮಿತಿ) ಇರುವ ಲೀಗ್‌ನಲ್ಲಿ ಇದು ತುಂಬಾ ದೊಡ್ಡದು. 2020ರಲ್ಲೂ ಕಪ್, 2021ರಲ್ಲೂ ಕಪ್.

2021ರ ಫೈನಲ್‌ನ ಎರಡನೇ ಮ್ಯಾಚ್ ವಿಡಿಯೋ ಸಿಕ್ಕರೆ ನೋಡಿ. ಎರಡನೇ ಪೀರಿಯಡ್ ಮುಗಿಯೋಕೆ ಒಂದೆರಡು ಸೆಕೆಂಡ್ ಮಾತ್ರ ಇದೆ. ಗುಡ್ರೋ ಪಕ್ ಹಿಡಿದು ನುಗ್ಗಿ ಅಡ್ಡಕ್ಕೆ ಪಾಸ್ ಕೊಟ್ಟ. ಕೋಲ್ಮನ್ ಐಸ್ ಮೇಲೆ ಉದ್ದಕ್ಕೆ ಬೀಳುತ್ತಲೇ ಸ್ಟಿಕ್ ಚಾಚಿ ಎದುರಾಳಿ ಗೋಲ್‌ಕೀಪರ್ ಕ್ಯಾರಿ ಪ್ರೈಸ್‌ನನ್ನು ದಾಟಿಸಿ ಒಳಗೆ ತಳ್ಳಿದ. ಪಾಸ್ ಕೊಟ್ಟವನೂ ಗೋಲ್ ಹೊಡೆದವನೂ ಆ ಎರಡು ಟ್ರೇಡ್‌ಗಳಲ್ಲಿ ಬಂದವರೇ. ಇವತ್ತಿಗೂ ನೋಡಿದರೆ ಮೈ ಜುಮ್ ಅನ್ನುತ್ತೆ.

ಬ್ರ್ಯಾಂಪ್ಟನ್_ಕನ್ನಡಿಗ

ಹಾಗಾದ್ರೆ 2009ರಲ್ಲಿ ಬಾಸ್ಟನ್‌ಗೆ ಪಿಕ್ ಕೊಟ್ಟು ತಂದ ಫಿಲ್ ಕೆಸೆಲ್? ಅವನದು ಐದು ವರ್ಷದ ಒಪ್ಪಂದ. ಆದ್ರೂ ನಮ್ಮ ಪಿಕ್‌ಗಳಲ್ಲಿ ಬಾಸ್ಟನ್‌ಗೆ ಟೈಲರ್ ಸೆಗಿನ್, ಡೂಗಿ ಹ್ಯಾಮಿಲ್ಟನ್ ಸಿಕ್ಕರು. 2011ರಲ್ಲಿ ಸೆಗಿನ್ ಅಲ್ಲಿ ಕಪ್ ಎತ್ತಿದ.

ಕೊಡಗಿನ_ಸ್ಟಿಕ್

ಕೆಸೆಲ್ ಚೆನ್ನಾಗೇ ಆಡಿದ, ಅವನದೇನೂ ತಪ್ಪಿಲ್ಲ. ಆದರೆ ಆಗ ತಂಡವೇ ಸಿದ್ಧವಾಗಿರಲಿಲ್ಲ. ಆ ಸೀಸನ್ ಲೀಗ್‌ನಲ್ಲಿ ಕೊನೆಯಿಂದ ಎರಡನೆಯವರು ನಾವು. ಕೆಳಗಿರುವ ತಂಡಕ್ಕೆ ಸರದಿ ಮೊದಲು ಬರುತ್ತೆ, ಅದಕ್ಕೇ ಕೊಟ್ಟ ಪಿಕ್ ಡ್ರಾಫ್ಟ್‌ನಲ್ಲಿ 2ನೇ ನಂಬರ್ ಆಯ್ತು. ಟ್ಯಾಂಪಾ 2018-19ರಲ್ಲೇ 62 ಮ್ಯಾಚ್ ಗೆದ್ದ ತಂಡ, ಅವರು ಕೊಟ್ಟಿದ್ದರಲ್ಲಿ ಅರ್ಥ ಇತ್ತು.

ಕಾರ್ಲೊ ಒಪ್ಪಂದ 2027ರ ತನಕ ಇದೆ, ಆ ಟ್ರೇಡ್ ನಾನು ಒಪ್ತೀನಿ. ಲಾಟನ್‌ಗೆ ಕೊಟ್ಟಿದ್ದು ಜಾಸ್ತಿಯಾಯ್ತು. ನಮ್ಮ ಬೆಳೆಯುವ ಹುಡುಗ ಈಸ್ಟನ್ ಕೋವನ್ ಈಗಷ್ಟೇ ಲಂಡನ್ ನೈಟ್ಸ್ ಜೊತೆ ಕೆನಡಾದ ಜೂನಿಯರ್ ಹಾಕಿಯ ಮೆಮೋರಿಯಲ್ ಕಪ್ ಗೆದ್ದು ಬಂದಿದ್ದಾನೆ. ಇವನನ್ನು ಮಾತ್ರ ಯಾರು ಕೇಳಿದರೂ ಕೊಡಬಾರದು.