ಹಲ್ಲು ಕಿತ್ತ ಗುಳಿ ಮಾಯುತ್ತಿಲ್ಲ, ತುಟಿ ಜೋಮು: ಬಯಾಪ್ಸಿ ಮಾಡಿಸಬಹುದೇ?

ಪ್ರಶ್ನೆ: ನಮ್ಮ ಭಾವನಿಗೆ 36 ವರ್ಷ. ಕೆಳಗಿನ ದವಡೆಹಲ್ಲು ಅಲುಗಾಡುತ್ತಿತ್ತೆಂದು ಕೀಳಿಸಿ ಆರು ವಾರವಾಯಿತು. ಗುಳಿ ಮಾಯ್ದಿಲ್ಲ, ಒಳಗಿಂದ ಮಾಂಸ ಬೆಳೆದ ಹಾಗಿದೆ. ಕೆಳತುಟಿಯ ಎಡಭಾಗ ಜೋಮು ಹಿಡಿದಿದೆ. ಎರಡು ಕೋರ್ಸ್ ಆಂಟಿಬಯೋಟಿಕ್ ಮುಗಿಯಿತು. ಈಗ ಬಯಾಪ್ಸಿ, ಅಂದರೆ ತುಣುಕು ತೆಗೆದು ಪರೀಕ್ಷೆ, ಅಂದಿದ್ದಾರೆ. ಚುಚ್ಚಿದರೆ ಹರಡುತ್ತದೆ ಅಂತ ಅಕ್ಕನಿಗೆ ಭಯ. ಏನು ಮಾಡೋದು ಸರ್?

ಬಾಯಿ-ದವಡೆ ಶಸ್ತ್ರವೈದ್ಯರು: ಮೂರನೇ ಕೋರ್ಸ್ ಮಾತ್ರ ಬೇಡ. ಮೂಳೆಯ ಸೋಂಕಿನಲ್ಲೂ ತುಟಿ ಜೋಮು ಹಿಡಿಯುತ್ತದೆ, ಆದರೆ ಗುಳಿಯಿಂದ ಮಾಂಸ ಉಬ್ಬಿ ಬರುತ್ತಿದ್ದರೆ ಆಸ್ಟಿಯೋಸಾರ್ಕೋಮ ಅಲ್ಲವೆಂದು ಖಾತ್ರಿಪಡಿಸಿಕೊಳ್ಳಲೇಬೇಕು. ಅದು ಅಪರೂಪದ ಮೂಳೆ ಕ್ಯಾನ್ಸರ್. ಕೈಕಾಲಲ್ಲಿ ಹದಿಹರೆಯದವರಿಗೆ ಬರುವುದು ಹೆಚ್ಚು, ದವಡೆಯಲ್ಲಾದರೆ ಹೆಚ್ಚಾಗಿ ಮೂವತ್ತು ದಾಟಿದವರಿಗೆ. ‘ಈ ವಯಸ್ಸಿಗೆ ಅದೆಲ್ಲ ಬರಲ್ಲ’ ಎಂದು ತಳ್ಳಿಹಾಕುವುದು ಇದು ಹದಿಹರೆಯದ ರೋಗವೆಂಬ ನಂಬಿಕೆಯಿಂದಲೇ.

ಹಲ್ಲು ಕೀಳುವ ಮೊದಲಿನ ಓಪಿಜಿ (ಇಡೀ ದವಡೆ ಕಾಣುವ) ಎಕ್ಸ್‌ರೇ ಹುಡುಕಿ. ಬೇರಿನ ಸುತ್ತಲಿನ ಸಣ್ಣ ಕಪ್ಪು ಗೆರೆ ಒಂದೆರಡು ಹಲ್ಲಿಗೆ ಮಾತ್ರ, ಬೇರಿನ ಎರಡೂ ಬದಿ ಸಮವಾಗಿ ಅಗಲಗೊಂಡಿದ್ದರೆ ಅದಕ್ಕೆ ಗ್ಯಾರಿಂಗ್ಟನ್ ಚಿಹ್ನೆ ಎನ್ನುತ್ತೇವೆ. ವಸಡಿನ ರೋಗದಲ್ಲಿ ಹೀಗಾಗುವುದಿಲ್ಲ, ಅಲ್ಲಿ ಮೂಳೆ ಅಂಚಿನಿಂದ ಕರಗುತ್ತಾ ಇಳಿಯುತ್ತದೆ.

ರೇಡಿಯಾಲಜಿಸ್ಟ್: ಎಂಆರ್‌ಐ ಮೊದಲು, ಬಯಾಪ್ಸಿ ಆಮೇಲೆ. ತುಣುಕು ತೆಗೆದ ಮೇಲೆ ರಕ್ತ, ಬಾವು ಸೇರಿಕೊಂಡು ಗಡ್ಡೆಯ ಅಂಚು ಯಾವುದೆಂದೇ ತಿಳಿಯುವುದಿಲ್ಲ. ಕಾಂಟ್ರಾಸ್ಟ್ (ಗಡ್ಡೆ ಎದ್ದು ಕಾಣಲು ರಕ್ತನಾಳಕ್ಕೆ ಕೊಡುವ ಔಷಧ) ಸಹಿತ ಮಾಡಿಸಿ. ಅದಕ್ಕೆ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ನೋಡಬೇಕು. ದವಡೆಯ ನರ ತಲೆಬುರುಡೆಯ ತಳ ಸೇರುವವರೆಗಿನ ಭಾಗ ಚಿತ್ರದೊಳಗೆ ಬರಲಿ. ಮೂಳೆಗೆ ತೆಳು ಸ್ಲೈಸ್‌ನ ಸಿಟಿ. ಹಲ್ಲಿನ ಕ್ಲಿನಿಕ್‌ನ ಸಿಬಿಸಿಟಿ (ಹಲ್ಲು-ದವಡೆಯ 3ಡಿ ಎಕ್ಸ್‌ರೇ) ಇದಕ್ಕೆ ಸಾಲದು, ಮೆದು ಅಂಗಾಂಶ ಅದರಲ್ಲಿ ಕಾಣದು. ಲೋಹದ ಕ್ಯಾಪ್ ಇದ್ದರೆ ಮುಂಚೆಯೇ ಹೇಳಿ. ಕ್ಯಾನ್ಸರ್ ಖಚಿತವಾದರೆ ಎದೆಯ ಸಿಟಿಯೂ ಬೇಕು, ಇದು ಮೊದಲು ಹೋಗುವುದು ಶ್ವಾಸಕೋಶಕ್ಕೆ.

ಪ್ರಶ್ನೆ: ಸೂಜಿ ಪರೀಕ್ಷೆ, ಎಫ್‌ಎನ್‌ಎಸಿ, ಸಾಕಾಗಲ್ಲವೇ?

ಪೆಥಾಲಜಿಸ್ಟ್: ಸಾಲದು. ಸೂಜಿಯಲ್ಲಿ ಬಿಡಿ ಕೋಶಗಳು ಬರುತ್ತವೆ. ಆ ಕೋಶಗಳೇ ಹಸಿ ಮೂಳೆ ಹೆಣೆಯುತ್ತಿವೆಯೇ ಎಂಬುದನ್ನು ನೋಡಿಯೇ ನಾವು ಹೆಸರಿಡುವುದು. ಗುಳಿಯ ಮೇಲ್ಪದರ ಕೆರೆದು ಕಳಿಸಿದರೂ ಬರೀ ‘ಉರಿಯೂತ’ ಎಂಬ ವರದಿ ಬರುತ್ತದೆ, ಮೂರು ತಿಂಗಳು ದಂಡ. ತುಣುಕು ಆಳದ್ದಿರಲಿ, ಒಂದಕ್ಕಿಂತ ಹೆಚ್ಚಿರಲಿ. ದವಡೆಯ ಗಡ್ಡೆಯಲ್ಲಿ ಮೃದ್ವಸ್ಥಿಯೇ ಹೆಚ್ಚಿರುವುದುಂಟು. ಸಣ್ಣ ಚೂರು ನೋಡಿ ಕಾಂಡ್ರೋಸಾರ್ಕೋಮ (ಮೃದ್ವಸ್ಥಿಯ ಕ್ಯಾನ್ಸರ್) ಎಂದು ಬರೆದುಬಿಟ್ಟರೆ ಕಿಮೋ ಕೊಡಬೇಕೋ ಬೇಡವೋ ಎಂಬ ಲೆಕ್ಕವೇ ತಪ್ಪುತ್ತದೆ.

ತುಣುಕು ಕೆಡದಂತೆ ಅದರ ಹತ್ತು ಪಟ್ಟು 10% ಬಫರ್ಡ್ ಫಾರ್ಮಲಿನ್‌ನಲ್ಲಿ ಕಳಿಸಬೇಕು. ಮೆದು ಭಾಗವನ್ನು ಬೇರ್ಪಡಿಸಿ, ಆಮ್ಲ ಸೋಕಿಸದೆ ಇಡುವುದು. ಗಟ್ಟಿ ಭಾಗದ ಕ್ಯಾಲ್ಸಿಯಂ ತೆಗೆಯಲು ಇಡಿಟಿಎ ಎಂಬ ರಾಸಾಯನಿಕ ನಿಧಾನ, ಆದರೂ ಅದೇ ಸರಿ. ನೈಟ್ರಿಕ್ ಆಮ್ಲ ಡಿಎನ್‌ಎ ಕೆಡಿಸುತ್ತದೆ. ಮಂದಗತಿಯ ಆಸ್ಟಿಯೋಸಾರ್ಕೋಮವನ್ನು ಕ್ಯಾನ್ಸರ್ ಅಲ್ಲದ ಮೂಳೆ ತೊಂದರೆಯಾದ ಫೈಬ್ರಸ್ ಡಿಸ್‌ಪ್ಲೇಸಿಯಾದಿಂದ ಬೇರ್ಪಡಿಸುವ ಎಂಡಿಎಂ2 ಜೀನ್ ಪರೀಕ್ಷೆಯನ್ನು ಆಮೇಲೆ ನಂಬುವಂತಿಲ್ಲ.

ಬಾಯಿ-ದವಡೆ ಶಸ್ತ್ರವೈದ್ಯರು: ಅಕ್ಕನ ಭಯಕ್ಕೆ: ಬಯಾಪ್ಸಿ ತಪ್ಪಲ್ಲ, ದಾರಿ ತಪ್ಪಬಾರದು. ಕೆನ್ನೆಯ ಚರ್ಮದಿಂದಲ್ಲ, ಬಾಯೊಳಗಿಂದ ತೆಗೆಯಬೇಕು, ಮುಂದೆ ಆಪರೇಷನ್‌ನಲ್ಲಿ ಆ ಜಾಗವೂ ಕತ್ತರಿಸಿ ಹೋಗುವಂತೆ. ಹಾಗಾಗಿ ಆಪರೇಷನ್ ಮಾಡುವ ಕಡೆಯೇ ಬಯಾಪ್ಸಿಯೂ ಆಗಲಿ. ಬೆಂಗಳೂರು ಹತ್ತಿರವಾದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಹೋಗುವಾಗ ಎಂಆರ್‌ಐ ಸಿಡಿ, ಹಳೆಯ ಎಕ್ಸ್‌ರೇ ಕೈಲಿರಲಿ. ಬಯಾಪ್ಸಿ ಆಗಲೇ ಬೇರೆಡೆ ಆಗಿದ್ದರೆ ಸ್ಲೈಡ್ ಜೊತೆ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ, ಬರೀ ವರದಿ ಹಾಳೆ ಹಿಡಿದು ಹೋದರೆ ವಾಪಸ್ ಕಳಿಸಬಹುದು.