ಯಾವಾಗಲೂ ಲೋ ಬಿಪಿ, ರಾತ್ರಿ ನಿದ್ದೆಯೂ ಇಲ್ಲ: ನಿಮಗೂ ಹೀಗೇ ಆಗಿತ್ತಾ?

ಕೊಪ್ಪಳದಿಂದ ಪ್ರಶ್ನೆ: ವಯಸ್ಸು 34. ಎಷ್ಟೋ ವರ್ಷದಿಂದ ಬಿಪಿ 90/60ರ ಆಸುಪಾಸಿನಲ್ಲೇ ಇದೆ. ಕೂತು ಎದ್ದರೆ ಕಣ್ಣಿಗೆ ಕತ್ತಲೆ. ರಾತ್ರಿ ಮೂರರ ಹೊತ್ತಿಗೆ ಎದೆ ಢವಢವ ಅಂತ ಎಚ್ಚರ ಆಗುತ್ತದೆ, ಆಮೇಲೆ ನಿದ್ದೆ ಹತ್ತುವುದಿಲ್ಲ. ತೋರಿಸಿದ ಕಡೆಯೆಲ್ಲ "ಉಪ್ಪು ಜಾಸ್ತಿ ತಿನ್ನಿ" ಅಂತಾರೆ. ಇದು ನರಕ್ಕೆ ಸಂಬಂಧಪಟ್ಟಿದ್ದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಬಳ್ಳಾರಿಯಿಂದ: ಸಂಬಂಧ ಇದೆ ಅಕ್ಕ. ನಮ್ಮ ಅಮ್ಮನದು ಹೇಳುತ್ತೇನೆ. ಅವರಿಗೆ ಸಕ್ಕರೆ ಕಾಯಿಲೆ ಹಳೆಯದು. ಚಕ್ಕರ್ ಬಂತು ಅಂದರೆ ಸಲೈನ್ ಹಚ್ಚಿಸಿಕೊಂಡು ಬರುವುದು, ಎರಡು ದಿನ ಚೆನ್ನಾಗಿರುವುದು, ಮತ್ತೆ ಅದೇ ಕಥೆ. ಕೊನೆಗೆ ಒಬ್ಬ ಫಿಸಿಶಿಯನ್ ಅಮ್ಮನನ್ನು ಐದು ನಿಮಿಷ ಅಂಗಾತ ಮಲಗಿಸಿ ಬಿಪಿ ನೋಡಿದರು. ತೋಳಿನ ಪಟ್ಟಿ ಬಿಚ್ಚದೆ ಹಾಗೇ ನಿಲ್ಲಿಸಿ, ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ನೋಡಿದರು. ಮಲಗಿದಾಗ 150 ಇದ್ದದ್ದು ನಿಂತಾಗ 105! ಅಲ್ಲಿವರೆಗೂ ಎಲ್ಲರೂ ಕುರ್ಚಿಯಲ್ಲಿ ಕೂರಿಸಿ ಒಂದೇ ಸಲ ನೋಡಿ ಬರೆದುಕೊಟ್ಟವರೇ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಸುಮ್ನೆ ಲೋ ಬಿಪಿ ಅಂತ ಬಿಡಬಾರದಂತೆ.

ನಾವು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹೊಟ್ಟೆ, ಕಾಲಿನ ಕಡೆ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿ, ಎದೆಯ ದೊಡ್ಡ ರಕ್ತನಾಳದಲ್ಲಿ ಒತ್ತಡ ಗುರುತಿಸುವ ನರದ ತುದಿಗಳಿವೆ. ಅವು ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ, ಅಲ್ಲಿಂದ ಹೃದಯಕ್ಕೆ ಜೋರಾಗಿ ಬಡಿ, ರಕ್ತನಾಳಕ್ಕೆ ಬಿಗಿಯಾಗು ಅಂತ ಹುಕುಂ ಬರುತ್ತದೆ. ಎಲ್ಲ ಕೆಲವೇ ಸೆಕೆಂಡಿನ ಕೆಲಸ. ಸಕ್ಕರೆ ಕಾಯಿಲೆ ಆ ನರಗಳನ್ನೇ ಹಾಳು ಮಾಡಿದ್ದರೆ ಹುಕುಂ ತಲುಪುವುದಿಲ್ಲ.

ನಿದ್ದೆಯ ವಿಷಯ ಇಲ್ಲೇ ಬರುತ್ತದೆ. ಆರೋಗ್ಯ ಚೆನ್ನಾಗಿರುವವರಿಗೆ ನಿದ್ದೆಯಲ್ಲಿ ಬಿಪಿ ನೂರಕ್ಕೆ 10ರಿಂದ 20ರಷ್ಟು ಇಳಿಯುತ್ತದೆ. ಅಮ್ಮನಿಗೆ ಉಲ್ಟಾ, ಮಲಗಿದರೆ ಏರುತ್ತಿತ್ತು. ಆಗ ಕಿಡ್ನಿ ಉಪ್ಪು, ನೀರು ಎರಡನ್ನೂ ಹೊರಗೆ ಹಾಕುತ್ತಾ ಹೋಗುತ್ತದೆ, ಅದಕ್ಕೇ ರಾತ್ರಿಯೆಲ್ಲ ಬಚ್ಚಲಿಗೆ ಓಡಾಟ, ನಿದ್ದೆಗೇಡು, ಬೆಳಗಾಗುವ ಹೊತ್ತಿಗೆ ಮೈಯಲ್ಲಿ ನೀರೇ ಕಡಿಮೆಯಾಗಿ ಚಕ್ಕರ್ ಇನ್ನೂ ಜಾಸ್ತಿ. ಡಾಕ್ಟರ್ ಹೇಳಿದಂತೆ ಹೊರಸಿನ ತಲೆ ಕಡೆಯ ಎರಡು ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದೆವು. ದಿಂಬು ಏರಿಸಿದರೆ ಕುತ್ತಿಗೆ ಬಾಗುತ್ತದೆ ಅಷ್ಟೇ, ಇಡೀ ಮೈ ಇಳಿಜಾರಾಗಬೇಕು. ರಾತ್ರಿ ಏಳುವುದು ಕಡಿಮೆಯಾಯಿತು. ಬೆಳಗ್ಗೆ ಹೊರಸಿನ ಅಂಚಲ್ಲೇ ಕೂತು ಎರಡು ಲೋಟ ನೀರು ಕುಡಿಯುತ್ತಾರೆ, ಪಾದ ಮೇಲೆ ಕೆಳಗೆ ಆಡಿಸುತ್ತಾರೆ, ಆಮೇಲೆ ಗೋಡೆ ಹಿಡಿದು ನಿಲ್ಲುತ್ತಾರೆ. ಉಪ್ಪು ಮಾತ್ರ ಅವರಿಗೆ ಬೇಡ ಅಂದರು. ಮಲಗಿದಾಗ ಬಿಪಿ ಏರುವವರಿಗೆ, ಕಿಡ್ನಿ, ಹೃದಯದ ತೊಂದರೆ ಇದ್ದವರಿಗೆ ಅದು ಅಪಾಯ. ನೀವೂ ಕೇಳದೆ ಶುರು ಮಾಡಬೇಡಿ.

ರಾಯಚೂರಿನಿಂದ: ನಾನು ನಿಮ್ಮ ವಯಸ್ಸಿನವಳೇ, ನಂದು ಬೇರೆ ಥರ. ನಿಂತರೆ ಬಿಪಿ ಅಷ್ಟೇನೂ ಇಳಿಯುವುದಿಲ್ಲ, ನಾಡಿ ಮಾತ್ರ 74ರಿಂದ 112ಕ್ಕೆ ಹೋಗುತ್ತದೆ. ನಿಂತ ಹತ್ತು ನಿಮಿಷದೊಳಗೆ ನಾಡಿ 30ರಷ್ಟು ಏರಿ, ತಲೆಸುತ್ತು ತಿಂಗಳುಗಟ್ಟಲೆ ಇದ್ದರೆ ಅದಕ್ಕೆ ಪಾಟ್ಸ್ ಅಂತಾರೆ. ಅದಕ್ಕೇ ಬಿಪಿ ಜೊತೆ ನಾಡಿಯನ್ನೂ ಬರೆದಿಡಿ. ನಿದ್ದೆ ಕೆಟ್ಟ ಮರುದಿನ ನನಗೆ ಎಲ್ಲವೂ ಜಾಸ್ತಿ. ಗಾಢ ನಿದ್ದೆಯಲ್ಲಿ ಮೈಯನ್ನು ಶಾಂತವಾಗಿಡುವ ನರಗಳ ಕೈ ಮೇಲಿರುತ್ತದೆ, ಅರೆನಿದ್ದೆಯಾದರೆ ಎದೆ ಓಡಿಸುವ ನರಗಳಿಗೆ ಬಿಡುವೇ ಇಲ್ಲ.

ನಮ್ಮ ಕಡೆಯ ಬಿಸಿಲು ಗೊತ್ತಲ್ವಾ, ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಸೆಖೆಗೆ ಚರ್ಮದ ರಕ್ತನಾಳ ಅಗಲವಾಗುತ್ತವೆ, ಬೆವರಲ್ಲಿ ನೀರು ಹೋಗುತ್ತದೆ, ಬಿಪಿ ಇನ್ನೂ ಇಳಿಯುತ್ತದೆ. ನನಗೆ ಡಾಕ್ಟರ್ ಒಪ್ಪಿದ್ದರಿಂದ ಉಪ್ಪು ಹಾಕಿದ ಮಜ್ಜಿಗೆ ಮಧ್ಯಾಹ್ನದ ಖಾಯಂ. ತಟ್ಟೆ ತುಂಬ ಅನ್ನ ಉಂಡರೆ ರಕ್ತ ಹೊಟ್ಟೆ ಕಡೆ ಹೋಗಿ ಜೋಂಪು ಹತ್ತುತ್ತಿತ್ತು, ಈಗ ಒಂದೊಂದೇ ರೊಟ್ಟಿ ಪಲ್ಯ, ಸ್ವಲ್ಪ ಸ್ವಲ್ಪ ಹೊತ್ತಿಗೆ. ಬಸ್ ಕಾಯುವಾಗ ಕಣ್ಣು ಮಂಜಾದರೆ ಕಾಲಿಗೆ ಕಾಲು ಕತ್ತರಿ ಹಾಕಿ ತೊಡೆ ಬಿಗಿ ಹಿಡಿಯುತ್ತೇನೆ, ಆಗದಿದ್ದರೆ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತೇನೆ. ಯಾರು ನೋಡಿದರೆ ಏನು, ಬಿದ್ದು ತಲೆ ಒಡೆದುಕೊಳ್ಳುವುದಕ್ಕಿಂತ ವಾಸಿ.

ಗಂಗಾವತಿಯಿಂದ: ನೀವು ಈಗ ತಗೊಳ್ಳುವ ಗುಳಿಗೆಗಳ ಚೀಟಿ ಡಾಕ್ಟರಿಗೆ ಮೊದಲು ತೋರಿಸಿ. ಮೂತ್ರ ಹೋಗಿಸುವ ಗುಳಿಗೆ, ಮಾನಸಿಕ ಖಿನ್ನತೆಯ ಕೆಲವು ಗುಳಿಗೆಗಳೂ ಬಿಪಿ ಇಳಿಸುತ್ತವೆ. ಎಚ್‌ಬಿ (ಹಿಮೋಗ್ಲೋಬಿನ್), ಥೈರಾಯ್ಡ್, ಬಿ12 ರಕ್ತಪರೀಕ್ಷೆ ಮಾಡಿಸಿದ್ದೀರಾ? ಎಚ್ಚರ ತಪ್ಪಿ ಬಿದ್ದರೆ, ಎದೆನೋವು ಬಂದರೆ, ಮಲ ಕಪ್ಪಗಾದರೆ ಇಲ್ಲಿ ಉತ್ತರ ಕಾಯದೆ ಆಸ್ಪತ್ರೆಗೆ ಹೋಗಿ. ಇನ್ನೊಂದು, ರಾತ್ರಿ ಎದೆ ಬಡಿದು ಎಚ್ಚರಾಗುವುದು ನಿದ್ದೆಯಲ್ಲಿ ಉಸಿರು ಕಟ್ಟುವವರಿಗೂ ಆಗುತ್ತದೆ. ಗೊರಕೆ ಇದೆಯಾ ಅಂತ ಮನೆಯವರನ್ನು ಕೇಳಿ ಬರೆಯಿರಿ.